‘ಸನ್‌ಶೋ ದಯೂ’ ಚಲಚ್ಚಿತ್ರದಲ್ಲಿ ಇತಿವೃತ್ತಪರಿವರ್ತನೆ

ಪ್ರಸಿದ್ಧವಾದ ಇತಿವೃತ್ತವನ್ನು ಕೈಗೊಂಡ ಕವಿಯು ಅದನ್ನು ಇದ್ದಂತೆಯೇ ಹೇಳಬೇಕೆಂಬ ನಿರ್ಬಂಧವಿಲ್ಲವೆಂದು ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ನಿರ್ಣಯಿಸಿರುವರು. ಕಥೆಯಲ್ಲಿ ರಸಕ್ಕೆ ಅನುಗುಣವಲ್ಲದ ಭಾಗವು ಬಂದರೆ ಅದನ್ನು ಬಿಟ್ಟು, ಬೇರೊಂದನ್ನು ಕಲ್ಪಿಸಿಕೊಂಡಾದರೂ ರಸವನ್ನು ಪೋಷಿಸಬೇಕೆಂಬುದು ಆನಂದವರ್ಧನನ ಮತ. ನಡೆದುದನ್ನು ನಡೆದಂತೆ ಹೇಳುವ ಕೆಲಸವನ್ನು ಆತನು ಇತಿಹಾಸಕ್ಕೆ ಬಿಟ್ಟುಕೊಡುವನು. ಕುಂತಕನು ಇನ್ನೂ ಮುಂದೆ ಹೋಗಿ, ಮೂಲದ ರಸವನ್ನೇ ತ್ಯಜಿಸಿ ಬೇರೊಂದು ರಸದಲ್ಲಿ ಕಥೆಯನ್ನು ನಿರ್ವಹಿಸುವುದು ಪ್ರಬಂಧವಕ್ರತೆಯ ಒಂದು ಪ್ರಕಾರವೆಂದು ಹೇಳಿ, ವೇಣೀಸಂಹಾರವನ್ನೂ ಉತ್ತರರಾಮಚರಿತವನ್ನೂ ಉದಾಹರಿಸುವನು. ಆದರೆ ಕವಿಗೆ ಈ ಸ್ವಾತಂತ್ರ್ಯವುಂಟೆಂದು ಹೇಳಿಬಿಟ್ಟರೆ ವಿಮರ್ಶಕನ ಕೆಲಸವು ಮುಗಿಯಲಿಲ್ಲ. ಯಾವುದನ್ನು ಬಿಟ್ಟನು, ಯಾವುದನ್ನು ಉಳಿಸಿಕೊಂಡನು, ಬಿಟ್ಟುದರಿಂದ ಕಥೆಯ ತಾತ್ಪರ್ಯವೇನಾಯಿತು ಎಂಬುದನ್ನು ಒಂದೊಂದು ಸ್ಥಳದಲ್ಲಿಯೂ ನಿಂತು ನೋಡಬೇಕು. ಹಾಗೆ ನೋಡುವುದಕ್ಕೆ ಜಪಾನ್ ದೇಶದ ಒಂದು ಚಲಚ್ಚಿತ್ರವು ಬಹು ತಕ್ಕುದಾಗಿದೆ.

ಮಿಜೊಗುಚಿ ಕೆಂಜಿಯು (೧೮೯೮–೧೯೫೬) ದಾಯಿಯೈ ಸಂಸ್ಥೆಗಾಗಿ ನಿರ್ದೇಶಿಸಿದ ‘ಸನ್‌ಶೋ ದಯೂ’ ಎಂಬ ಚಿತ್ರವು ೧೯೫೪ರಲ್ಲಿ ಹೊರಬಂದು, ಅದೇ ವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿ ರಜತಸಿಂಹ ಪ್ರಶಸ್ತಿಯನ್ನು ಪಡೆಯಿತು. ಯಹಿರೋ ಫುಜಿ, ಯೋದಾ ಯೊಶಿಕತ ಎಂಬಿಬ್ಬರು ಚಿತ್ರಕಥೆಯನ್ನು ಬರೆದರು. ಛಾಯಾಗ್ರಹಣವು ಮಿಯಗಾವ ಕಜುವೊವಿನದು, ಸಂಗೀತವು ಹಯಸಾಕ ಫುಮಿಯೊವಿನದು. ಕಥೆಯು ಮಾತ್ರ ಈ ನಾಲ್ವರಲ್ಲಿ ಯಾರದೂ ಅಲ್ಲ. ಅದು ಬೀದಿಯಲ್ಲಿ ನಿಂತು ಕಥೆ ಹೇಳುತ್ತಿದ್ದವರ ಬಾಯಲ್ಲಿ ಬೆಳೆದು, ೧೭ನೆಯ ಶತಮಾನದಲ್ಲಿ ಮುದ್ರಣಕ್ಕೆ ಬಂದು, ೧೯೧೫ರಲ್ಲಿ ಮೋರಿ ಓಗಾಯಿಯೆಂಬ ಪ್ರಸಿದ್ಧ ಗ್ರಂಥಕಾರನ ಕೈಯಲ್ಲಿ ಸಣ್ಣಕಥೆಯಾಗಿ, ಆ ಬಳಿಕ ಚಿತ್ರವಾಯಿತು. ಚಿತ್ರವು ಓಗಾಯಿಯ ಕಥೆಯ ರೂಪಾಂತರವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧ ನಿಜ. ಚಿತ್ರವು ಓಗಾಯಿಯಿಂದ ಶಾಸನವನ್ನು ತೆಗೆದುಕೊಂಡು, ಓಗಾಯಿಯು ಅಳಿಸಿಹಾಕಿದ ನೋವನ್ನು ಹಳೆಯ ಕಥೆಯಿಂದ ಮರಳಿ ತಂದು, ಇಬ್ಬರಲ್ಲಿಯೂ ಇದ್ದ ಪವಾಡವನ್ನು ಮಾತ್ರ ಕೈಬಿಟ್ಟಿದೆ. ಈ ಮೂರು ಕ್ರಿಯೆಗಳೂ ಒಂದೇ ಅಭಿಪ್ರಾಯದಿಂದ ಹೊರಟುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಚಿತ್ರವನ್ನು ನೋಡದವರಿಗಾಗಿ ಕಥಾಸಾರವನ್ನು ಮೊದಲು ಹೇಳಬೇಕಾಗಿದೆ. ಹೇಯಾನ್ ಯುಗದ ಕೊನೆಗಾಲ. ಮುತ್ಸು ಪ್ರಾಂತ್ಯದ ಅಧಿಪತಿಯಾದ ಮಸವುಜಿಯು ರೈತರ ಪಕ್ಷವನ್ನು ವಹಿಸಿದ ತಪ್ಪಿಗಾಗಿ ಪದಚ್ಯುತನಾಗಿ ದೂರದ ತ್ಸುಕುಶಿಗೆ ಗಡೀಪಾರಾಗುವನು. ಹೊರಡುವಾಗ ಮಗನಾದ ಜುಶಿಯೋವನ್ನು ಎದುರಿಗೆ ಕೂರಿಸಿಕೊಂಡು, ಕರುಣೆಯಿಲ್ಲದವನು ಮನುಷ್ಯನಲ್ಲವೆಂದೂ, ತನ್ನ ವಿಷಯದಲ್ಲಿ ಕಠಿನನಾಗಿದ್ದು ಪರರಲ್ಲಿ ದಯೆಯಿಂದಿರಬೇಕೆಂದೂ, ಹುಟ್ಟಿನಿಂದ ಮನುಷ್ಯರೆಲ್ಲರೂ ಸಮಾನರೆಂದೂ ಬೋಧಿಸಿ, ಮನೆತನದ ಕನ್ನೋನ್ ಮೂರ್ತಿಯೊಂದನ್ನು ಕೊಡುವನು. ಕೆಲವು ವರ್ಷಗಳ ಮೇಲೆ ತಾಯಿ ತಮಾಕಿಯು ಜುಶಿಯೋವನ್ನೂ ಅವನ ತಂಗಿ ಅಂಜುವನ್ನೂ ಕರೆದುಕೊಂಡು, ದಾಸಿಯೊಬ್ಬಳೊಡನೆ ಪತಿಯನ್ನು ಹುಡುಕಿ ಹೊರಡುವಳು. ಎಚಿಗೋ ಕರಾವಳಿಯಲ್ಲಿ ಆಶ್ರಯ ಕೊಡುವ ನೆವದಿಂದ ಬಂದ ದೇವಸೇವಕಿಯೊಬ್ಬಳು ಅವರನ್ನು ಮನುಷ್ಯರ ವ್ಯಾಪಾರಿಗಳಿಗೆ ಒಪ್ಪಿಸುವಳು. ದಾಸಿಯು ಕಡಲಪಾಲಾಗುವಳು, ತಾಯಿಯನ್ನು ಸಾದೋ ದ್ವೀಪಕ್ಕೆ ವೇಶ್ಯಾವೃತ್ತಿಗಾಗಿ ಮಾರುವರು, ಮಕ್ಕಳನ್ನು ತಾಂಗೋ ಪ್ರಾಂತ್ಯದ ಸನ್‌ಶೋ ದಯೂ ಎಂಬ ಯಜಮಾನನಿಗೆ ಗುಲಾಮರಾಗಿ ಮಾರುವರು. ಹತ್ತು ವರ್ಷ ಕಳೆಯುವುದು. ಅಂಜುವು ಅಣ್ಣನನ್ನು ತಪ್ಪಿಸಿ ಕಳುಹಿಸಿ ತಾನು ಕೊಳದಲ್ಲಿ ಮುಳುಗಿ ಸಾಯುವಳು. ಜುಶಿಯೋ ರಾಜಧಾನಿಗೆ ಹೋಗಿ, ತಂದೆಯ ಮಗನೆಂದು ಗುರುತಿಸಲ್ಪಟ್ಟು, ಅದೇ ತಾಂಗೋ ಪ್ರಾಂತ್ಯಕ್ಕೆ ಅಧಿಪತಿಯಾಗಿ ಬಂದು, ಗುಲಾಮರನ್ನು ಬಿಡಿಸಿ, ಒಡನೆಯೇ ಪದವಿಯನ್ನು ಬಿಟ್ಟು, ಸಾದೋವಿನಲ್ಲಿ ಕುರುಡಿಯಾಗಿರುವ ತಾಯಿಯನ್ನು ಸೇರುವನು. ಕಥೆ ಇಷ್ಟೇ.

ಹಳೆಯ ರೂಪವನ್ನು ಜಪಾನೀಯರು ‘ಸೆಕ್ಕ್ಯೋ’ ಎನ್ನುವರು. ಸೂತ್ರಗಳನ್ನು ವ್ಯಾಖ್ಯಾನಿಸಿ ಜನರಿಗೆ ಧರ್ಮೋಪದೇಶ ಮಾಡುವುದೆಂದು ಆ ಪದದ ಮೂಲಾರ್ಥ. ಕಾಲಕ್ರಮದಲ್ಲಿ ಅದು ಬಿದಿರಿನ ವಾದ್ಯವನ್ನು ಉಜ್ಜುತ್ತ ಊರೂರು ಅಲೆಯುವ ಬಡಕಥೆಗಾರರ ವೃತ್ತಿಯಾಯಿತು. ಈ ಕಥನಗಳಲ್ಲಿ ಹಲವು ಒಂದೊಂದು ಕ್ಷೇತ್ರದ ದೇವತೆಯು ಪೂರ್ವದಲ್ಲಿ ಮನುಷ್ಯನಾಗಿ ಎಷ್ಟು ಕಷ್ಟಪಟ್ಟನೆಂಬುದನ್ನು ಹೇಳತಕ್ಕವು. ನಮ್ಮ ಸ್ಥಲಮಾಹಾತ್ಮ್ಯೆಗಳನ್ನು ಓದಿದವರಿಗೆ ಈ ಜಾತಿಯು ಅಪರಿಚಿತವಲ್ಲ. ಸನ್‌ಶೋ ದಯೂವಿನ ಕಥೆಯೂ ತಾಂಗೋ ಪ್ರಾಂತ್ಯದ ಒಂದು ಜಿಜೋ ಮೂರ್ತಿಯ ಮಾಹಾತ್ಮ್ಯೆಯಾಗಿಯೇ ಆರಂಭವಾಗುವುದು. ಜಿಜೋ ಎಂದರೆ ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ತ್ವ. ಆ ಮೂರ್ತಿಗೆ ಇರುವ ವಿಶೇಷಣದ ಅರ್ಥ ‘ಕಾದ ಲೋಹದಿಂದ ಸುಡಲ್ಪಟ್ಟ’ ಎಂದು. ಯಜಮಾನನ ಮಗ ಸಬುರೋ ಎಂಬವನು ಮಕ್ಕಳ ಹಣೆಗೆ ಬರೆಯೆಳೆದಾಗ, ಅವರ ಬಳಿಯಿದ್ದ ಕ್ಷಿತಿಗರ್ಭನು ಆ ಬರೆಗಳನ್ನು ತನ್ನ ಹಣೆಗೆ ತೆಗೆದುಕೊಂಡನಂತೆ. ಈ ರೂಪದಲ್ಲಿ ಅಂಜುವು ಅಕ್ಕ, ಜುಶಿಯೋ ತಮ್ಮ. ತಮ್ಮನನ್ನು ಓಡಿಸಿದ ತಪ್ಪಿಗೆ ಅಕ್ಕನನ್ನು ಚಿತ್ರಹಿಂಸೆಯಿಂದ ಕೊಲ್ಲುವರು. ಮುಂದೆ ಅಧಿಪತಿಯಾಗಿ ಬಂದ ತಮ್ಮನು ಸನ್‌ಶೋವನ್ನು ನೆಲದಲ್ಲಿ ಹೂಳಿಸಿ, ಬಿದಿರಿನ ಗರಗಸದಿಂದ ಅವನ ಕೊರಳನ್ನು ಅವನ ಮಗನ ಕೈಯಿಂದಲೇ ಕೊಯ್ಯಿಸುವನು. ತಾಯಿಯು ಕೈಕಾಲುಗಳ ನರಗಳನ್ನು ಕಡಿಸಿಕೊಂಡು, ಕುರುಡಿಯಾಗಿ, ನವಣೆಯ ಹೊಲದಲ್ಲಿ ಹಕ್ಕಿಗಳನ್ನು ಓಡಿಸುತ್ತಿರುವಳು. ಮೂರ್ತಿಯ ಸ್ಪರ್ಶದಿಂದ ಅವಳಿಗೆ ಕಣ್ಣು ಬರುವುದು. ಕೇಳುವವರಲ್ಲಿ ಬಹುಮಂದಿ ಯಜಮಾನರ ಕೈಕೆಳಗೆ ನವೆದವರೇ ಆದುದರಿಂದ, ಗರಗಸದ ಪ್ರತಿಯೊಂದು ಎಳೆತವೂ ಅವರಿಗೆ ಹಿತವಾಗಿದ್ದಿರಬೇಕು. ಇದನ್ನು ಬರ್ಬರವೆಂದು ಹಳಿಯುವುದು ಸುಲಭ. ಭೀಮನು ದುಃಶಾಸನನ ರಕ್ತದಿಂದ ದ್ರೌಪದಿಯ ಮುಡಿಯನ್ನು ಕಟ್ಟುವುದನ್ನು ಮೆಚ್ಚಿ ಓದುವವರು ಹಾಗೆ ಹಳಿಯುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು.

ಮೋರಿ ಓಗಾಯಿಯು ವೈದ್ಯನೂ ಸೇನೆಯ ಅಧಿಕಾರಿಯೂ ಆಗಿದ್ದವನು. ಜರ್ಮನಿಯಲ್ಲಿ ವ್ಯಾಸಂಗ ಮಾಡಿದವನು. ಆತನಿಗೆ ಈ ಕಥೆಯ ರಕ್ತವು ಸೇರಲಿಲ್ಲ. ೧೯೧೫ರ ಜನವರಿಯಲ್ಲಿ ಕಥೆಯನ್ನು ಪ್ರಕಟಿಸಿದಾಗಲೇ, ಇದ್ದಂತಿರುವ ಇತಿಹಾಸಕ್ಕೂ ಇತಿಹಾಸದಿಂದ ಬಿಡುಗಡೆ ಹೊಂದುವುದಕ್ಕೂ ಇರುವ ಭೇದವನ್ನು ಕುರಿತು ಒಂದು ಪ್ರಬಂಧವನ್ನೂ ಆತನು ಬರೆದನು. ಆನಂದವರ್ಧನನು ಎತ್ತಿದ ಪ್ರಶ್ನೆಯೇ ಅಲ್ಲಿಯೂ ಇದೆ. ಆತನ ಕಥೆಯಲ್ಲಿ ಬರೆಯ ಪ್ರಸಂಗವು ಅಕ್ಕತಮ್ಮಂದಿರು ಏಕಕಾಲದಲ್ಲಿ ಕಂಡ ಕನಸಾಗುವುದು. ಎದ್ದು ನೋಡಿದರೆ ಮೂರ್ತಿಯ ಹಣೆಯಲ್ಲಿ ಗುರುತು ಇರುವುದು. ಅಂಜುವಿನ ಚಿತ್ರಹಿಂಸೆಯು ಹೋಗಿ, ನೀರಿನ ಅಂಚಿನಲ್ಲಿ ಸಿಕ್ಕಿದ ಹುಲ್ಲಿನ ಪಾದರಕ್ಷೆಗಳು ಉಳಿಯುವುವು. ಗರಗಸವು ಹೋಗುವುದು. ಅದರ ಸ್ಥಾನದಲ್ಲಿ, ಅಧಿಪತಿಯಾದ ಜುಶಿಯೋ ಮನುಷ್ಯರ ಕ್ರಯವಿಕ್ರಯವನ್ನು ನಿಷೇಧಿಸುವನು. ಸನ್‌ಶೋ ತನ್ನ ಗುಲಾಮರನ್ನೆಲ್ಲ ಬಿಟ್ಟು ಕೂಲಿಗೆ ಇಟ್ಟುಕೊಳ್ಳುವನು. ಮೊದಲಿಗೆ ನಷ್ಟವೆಂದು ತೋರಿದರೂ ಮುಂದೆ ಬೇಸಾಯವೂ ಕೈಗೆಲಸಗಳೂ ಹೆಚ್ಚಿ ಆ ಮನೆತನವು ಇನ್ನಷ್ಟು ಐಶ್ವರ್ಯವನ್ನು ಹೊಂದುವುದು. ದುಷ್ಟನಿಗೆ ದಂಡನೆಯಿಲ್ಲ, ಲಾಭವುಂಟು. ಈ ವಾಕ್ಯವನ್ನು ಓಗಾಯಿಯು ವ್ಯಂಗ್ಯದಿಂದ ಬರೆದನೇ, ನಂಬಿ ಬರೆದನೇ ಎಂದು ಓದುಗರು ಚರ್ಚಿಸಬಹುದು. ಆತನ ಶೈಲಿಯ ಶೈತ್ಯವು ಎರಡಕ್ಕೂ ಅವಕಾಶ ಕೊಡುವುದು. ಕೊನೆಯಲ್ಲಿ ತಾಯಿಯ ಕಣ್ಣು ತೆರೆಯುವುದನ್ನು ಮಾತ್ರ ಆತನೂ ಬಿಡಲಿಲ್ಲ.

ಇನ್ನು ಚಿತ್ರಕ್ಕೆ ಬರೋಣ. ಮಿಜೊಗುಚಿಯು ಮಾಡಿದ ಮೊದಲನೆಯ ವ್ಯತ್ಯಾಸವು ಮೇಲುನೋಟಕ್ಕೆ ಅಲ್ಪವಾದುದು: ಅಂಜುವು ಇಲ್ಲಿ ತಂಗಿ, ಜುಶಿಯೋ ಅಣ್ಣ. ಹಳೆಯ ಕಥೆಯಲ್ಲಿಯೂ ಓಗಾಯಿಯಲ್ಲಿಯೂ ತಮ್ಮನು ಚಿಕ್ಕವನು, ರಕ್ಷಿಸಲ್ಪಡತಕ್ಕವನು, ಅಕ್ಕನ ತ್ಯಾಗವು ವಯಸ್ಸಿಗೆ ಸಹಜವಾದ ವಾತ್ಸಲ್ಯದಿಂದ ಬಂದುದು. ಅಣ್ಣನನ್ನೇ ದೊಡ್ಡವನನ್ನಾಗಿ ಮಾಡಿದೊಡನೆ ಅವನ ನಡತೆಗೆ ಅವನೇ ಹೊಣೆಗಾರನಾಗುವನು. ತಂದೆಯ ಉಪದೇಶವನ್ನು ನೇರವಾಗಿ ಕೇಳಿದವನೂ ಅವನೇ, ಮೂರ್ತಿಯನ್ನು ಪಡೆದವನೂ ಅವನೇ. ಆ ಉಪದೇಶವನ್ನು ಕಾಪಾಡಿಕೊಂಡವಳು ಮಾತ್ರ ಕಿರಿಯಳಾದ ಅಂಜು.

ಎರಡನೆಯ ವ್ಯತ್ಯಾಸವು ಬರೆಯ ಪ್ರಸಂಗದಲ್ಲಿದೆ. ಇಡೀ ಚಿತ್ರದ ಮರ್ಮವು ಇಲ್ಲಿಯೇ ಇರುವುದು. ಹಳೆಯ ಕಥೆಯಲ್ಲಿ ಬರೆಯು ನಿಜ, ಪವಾಡದಿಂದ ಅಳಿಯುವುದು. ಓಗಾಯಿಯಲ್ಲಿ ಬರೆಯು ಕನಸು. ಚಿತ್ರದಲ್ಲಿ ಬರೆಯು ನಿಜ, ಅಳಿಯುವುದಿಲ್ಲ. ಆದರೆ ಅದು ನಾಯಕನ ಹಣೆಯ ಮೇಲೆ ಇಲ್ಲ. ಮಕ್ಕಳು ಬಂದ ಹೊಸತರಲ್ಲಿ, ಓಡಿಹೋಗಲು ಯತ್ನಿಸಿದ ನಮಿಜಿಯೆಂಬ ಹೆಂಗಸಿಗೆ ಬರೆಯೆಳೆಯಬೇಕೆಂದು ಸನ್‌ಶೋ ತನ್ನ ಮಗನಾದ ತಾರೋವಿಗೆ ಆಜ್ಞಾಪಿಸುವನು. ತಾರೋ ಒಪ್ಪದಿರಲು ತಂದೆಯು ತಾನೇ ಎಳೆಯುವನು. ತಾರೋ ಆ ಮನೆಯನ್ನು ಬಿಟ್ಟು ಹೋಗಿ ಭಿಕ್ಷುವಾಗುವನು. ಹತ್ತು ವರ್ಷಗಳ ಮೇಲೆ ಅದೇ ತಪ್ಪಿಗೆ ಒಬ್ಬ ಮುದುಕನು ಸಿಕ್ಕಿಬೀಳುವನು. ಈ ಸಲ ಕಾದ ಕಬ್ಬಿಣವನ್ನು ಹಿಡಿದು ಮುದುಕನ ಹಣೆಗೆ ಒತ್ತತಕ್ಕವನು ಜುಶಿಯೋ. ಯಜಮಾನನ ಮಗನು ಮಾಡಲೊಲ್ಲದ ಕೆಲಸವನ್ನು ಕರುಣೆಯ ಉಪದೇಶವನ್ನು ಕೇಳಿದ ಮಗನು ಮಾಡುವನು. ಗುಲಾಮಗಿರಿಯು ದೇಹವನ್ನು ಸವೆಸುವುದನ್ನು ಎಷ್ಟೋ ಗ್ರಂಥಗಳು ವರ್ಣಿಸಿವೆ. ಪೀಡಿತನನ್ನೇ ಪೀಡಕನ ಕೈಯನ್ನಾಗಿ ಮಾಡುವುದು ಅದರ ಹೆಚ್ಚಿನ ಅನರ್ಥ; ಅದನ್ನು ಹಳೆಯ ಕಥೆಯೂ ಹೇಳಲಿಲ್ಲ, ಓಗಾಯಿಯೂ ಹೇಳಲಿಲ್ಲ. ಅಳಿಸಬಹುದಾದ ಬರೆಯಾಗಿದ್ದರೆ ಅದನ್ನು ಬೋಧಿಸತ್ತ್ವನು ತೆಗೆದುಕೊಳ್ಳಬಹುದಿತ್ತು. ಪರರ ಹಣೆಗೆ ಎಳೆದ ಬರೆಯನ್ನು ಯಾವ ಮೂರ್ತಿಯೂ ತೆಗೆದುಕೊಳ್ಳಲಾರದು.

ಮೂರ್ತಿಯ ವಿಷಯದಲ್ಲಿಯೂ ಒಂದು ಮಾರ್ಪಾಡಿದೆ. ಕ್ಷಿತಿಗರ್ಭನ ಸ್ಥಾನದಲ್ಲಿ ಚಿತ್ರವು ಕನ್ನೋನನ್ನು, ಎಂದರೆ ಅವಲೋಕಿತೇಶ್ವರನನ್ನು ಇರಿಸಿದೆ. ಕ್ಷಿತಿಗರ್ಭನು ಮಕ್ಕಳನ್ನು ಕಾಯುವವನು, ನರಕಕ್ಕೂ ಇಳಿದು ದುಃಖಿಗಳಿಗೆ ಬದಲಾಗಿ ದುಃಖವನ್ನು ಅನುಭವಿಸುವವನು; ಬರೆಯನ್ನು ತನ್ನ ಹಣೆಗೆ ತೆಗೆದುಕೊಳ್ಳುವ ಕಥೆಗೆ ಅವನೇ ಯೋಗ್ಯ. ಅವಲೋಕಿತೇಶ್ವರನಾದರೋ ಲೋಕದ ಆರ್ತನಾದವನ್ನು ಕೇಳುವ ಕರುಣಾಮೂರ್ತಿ. ಆತನ ಆರಾಧನೆಯು ಒಂದು ಕಾಲಕ್ಕೆ ಏಷ್ಯಾಖಂಡದ ಬಹುಭಾಗವನ್ನು ವ್ಯಾಪಿಸಿತ್ತು; ಕನ್ನಡನಾಡಿನಲ್ಲಿಯೇ ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮನು ಕ್ರಿ.ಶ. ೯೬೮ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಪ್ರತಿಮೆಯು ಇಂದಿಗೂ ಇದೆ. ಸದ್ಧರ್ಮಪುಂಡರೀಕ ಸೂತ್ರದ ಸಮಂತಮುಖಪರಿವರ್ತದಲ್ಲಿ, ಬೇಡಿಸಂಕೋಲೆಗಳಿಂದ ಬದ್ಧನಾದವನು ಆತನ ನಾಮವನ್ನು ಸ್ಮರಿಸಿದರೆ ಬಂಧನಗಳು ಸಡಿಲುವುವೆಂದು ಹೇಳಿದೆ. ಮಿಜೊಗುಚಿಯ ಪ್ರೇಕ್ಷಕರಲ್ಲಿ ಎಷ್ಟೋ ಮಂದಿಗೆ ಈ ವಾಗ್ದಾನವು ಬಾಲ್ಯದಿಂದಲೂ ಪರಿಚಿತವಾಗಿತ್ತು. ಹೀಗಿರಲು, ಚಿತ್ರದಲ್ಲಿ ಈ ಮೂರ್ತಿಯಿಂದ ಒಂದು ಸಂಕೋಲೆಯೂ ಸಡಿಲದಿರುವುದು ಆಕಸ್ಮಿಕವಲ್ಲ. ಅದು ಮಾಡುವ ಕೆಲಸ ಒಂದೇ: ಗುರುತು ಹೇಳುವುದು. ರಾಜಧಾನಿಯಲ್ಲಿ ಸೆರೆಬಿದ್ದ ಜುಶಿಯೋ ಮಸವುಜಿಯ ಮಗನೆಂಬುದಕ್ಕೆ ಅದು ಪ್ರಮಾಣವಾಗುವುದು. ಕೊನೆಯಲ್ಲಿ ಕುರುಡಿಯಾದ ತಾಯಿಗೆ ಮಗನನ್ನು ಅದೇ ತಿಳಿಸುವುದು. ಶಾಕುಂತಲದ ಉಂಗುರದಂತೆ ಅದು ಅಭಿಜ್ಞಾನ ಮಾತ್ರವಾಗಿ ಉಳಿದಿದೆ. ಕರುಣೆಯ ಕೆಲಸವನ್ನು ಮನುಷ್ಯರೇ ಮಾಡಬೇಕಾಗಿದೆ.

ಅದನ್ನು ಮೊದಲು ಮಾಡತಕ್ಕವಳು ಅಂಜು. ನಮಿಜಿಯು ರೋಗದಿಂದ ಸಾಯುವಂತಾದಾಗ, ಅವಳನ್ನು ಬೇಲಿಯ ಹೊರಗೆ ಬೆಟ್ಟದಲ್ಲಿ ಎಸೆದು ಬರುವಂತೆ ಜುಶಿಯೋವಿಗೆ ಅಪ್ಪಣೆಯಾಗುವುದು. ಅವಳಿಗೆ ನೆರಳು ಮಾಡಬೇಕೆಂದು ಅಂಜುವು ಕೊಂಬೆಯೊಂದನ್ನು ಮುರಿಯಲು ಹೋಗುವಳು, ಅಣ್ಣನು ಕೈಹಾಕುವನು, ಕೊಂಬೆ ಮುರಿದು ಇಬ್ಬರೂ ಬೀಳುವರು. ಚಿತ್ರದ ಪೂರ್ವಭಾಗದಲ್ಲಿ, ತಾಯಿಯೊಡನೆ ಬಯಲಲ್ಲಿ ರಾತ್ರಿ ಕಳೆಯಬೇಕಾಗಿ ಬಂದಾಗ, ಈ ಮಕ್ಕಳು ಹೀಗೆಯೇ ಕೊಂಬೆಯನ್ನು ಎಳೆದು ಹೀಗೆಯೇ ಬಿದ್ದಿದ್ದರು. ಆಗ ತಾಯಿಯು ಮಕ್ಕಳ ಹೆಸರನ್ನು ಕೂಗಿದ್ದಳು. ಈಗ ಆ ಕೂಗು ಎಲ್ಲಿಂದಲೋ ತೇಲಿಬಂದಂತೆ ಅಂಜುವಿಗೆ ಕೇಳುವುದು. ಮಿಜೊಗುಚಿಯು ಈ ಸ್ಥಳದಲ್ಲಿ ಹಿಂದಿನ ದೃಶ್ಯವನ್ನು ಮತ್ತೆ ತೋರಿಸಿ ನೆನಪು ಮಾಡಿಕೊಡುವುದಿಲ್ಲ. ಚಿತ್ರದ ಆರಂಭದಲ್ಲಿ ತಂದೆಯ ಕಥೆಯನ್ನು ಹೇಳುವಾಗ ಅಂತಹ ಸ್ಮರಣಗಳನ್ನು ಧಾರಾಳವಾಗಿ ಬಳಸಿದವನು ಇಲ್ಲಿ ಕೈ ಹಿಡಿದಿರುವನು. ದೇಹವು ಮಾಡಿದ ಕ್ರಿಯೆಯಿಂದಲೇ ಸ್ಮೃತಿಯು ಏಳುವುದು, ಉಪದೇಶದಿಂದ ಏಳಲಿಲ್ಲ. ಸಾದೋವಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಹಾಡಿದ ಹಾಡಿನಲ್ಲಿ ತನ್ನ ಹೆಸರೂ ಅಣ್ಣನ ಹೆಸರೂ ಬಂದುದನ್ನು ಅಂಜುವು ಮೊದಲೇ ಕೇಳಿದ್ದಳು. ತಾಯಿಯು ಬದುಕಿರುವಳೆಂಬುದನ್ನು ಅವಳು ತಿಳಿದದ್ದು ಹಾಗೆ. ಆ ಹಾಡು ಅಣ್ಣನ ಕಿವಿಗೆ ತಾಗದೆ ಹೋಗಿತ್ತು. ಕೊಂಬೆ ಮುರಿದಾಗ ತಾಗಿತು. ಜುಶಿಯೋ ತಾನೇ ಓಡಿಹೋಗುವ ಮಾತನ್ನೆತ್ತಿ, ಎಸೆಯಬೇಕಾಗಿದ್ದ ನಮಿಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುವನು. ಶಾಸನಗಳಿಗೆಲ್ಲ ಮೊದಲು ಅವನು ಬಿಡಿಸಿದ ಗುಲಾಮಳು ಇವಳೊಬ್ಬಳೇ.

ಅಂಜುವಿನ ಮರಣವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹೆಚ್ಚು ಹೇಳದಿರುವುದೇ ಅದರ ಗುಣ. ಹಿಂಸೆಗೆ ಒಳಗಾದರೆ ಅಣ್ಣನ ದಾರಿಯನ್ನು ಬಾಯಿಬಿಟ್ಟೇನೆಂಬ ಭಯದಿಂದ ಅವಳು ಕೊಳದ ಕಡೆಗೆ ನಡೆಯುವಳು. ಬಿದಿರೆಲೆಗಳ ಸಂದಿನಿಂದ, ಹಿಂದಿನಿಂದ ಮಾತ್ರ ಅವಳು ಕಾಣುವಳು. ನೀರು ಸೊಂಟದವರೆಗೆ ಬರುವುದು. ಕ್ಯಾಮೆರಾ ಕೈಮುಗಿದು ಕುಳಿತ ಮುದುಕಿಯೊಬ್ಬಳ ಕಡೆಗೆ ತಿರುಗುವುದು. ಮತ್ತೆ ಕೊಳವನ್ನು ತೋರಿಸುವಾಗ ನೀರಿನ ಮೇಲೆ ಬಳೆಬಳೆಯಾಗಿ ಅಲೆಗಳು ಹರಡುತ್ತಿರುವುವು. ರಂಗದಲ್ಲಿ ವಧವನ್ನು ತೋರಿಸಬಾರದೆಂದು ನಮ್ಮ ನಾಟ್ಯಶಾಸ್ತ್ರಕಾರರು ವಿಧಿಸಿದ್ದರ ಹಿಂದಿದ್ದ ವಿವೇಕವು ಇಲ್ಲಿ ಬೇರೊಂದು ದೇಶದಲ್ಲಿ ಸ್ವತಂತ್ರವಾಗಿ ಕಾಣಿಸಿಕೊಂಡಿದೆ. ಹಳೆಯ ಕಥೆಯ ಚಿತ್ರಹಿಂಸೆಯನ್ನು ಬಿಟ್ಟು ಓಗಾಯಿಯ ಸೌಮ್ಯವನ್ನು ಚಿತ್ರವು ಸ್ವೀಕರಿಸಿದ ಸ್ಥಳ ಇದೊಂದೇ. ತಾಯಿಯ ವಿಷಯದಲ್ಲಿ ಆ ಸೌಮ್ಯವನ್ನು ತೋರಿಸಲಿಲ್ಲ: ಓಡಿಹೋಗಲು ಯತ್ನಿಸಿದ ತಮಾಕಿಯ ಕಾಲಿನ ನರವನ್ನು ಕಡಿಯುವರು, ಓಗಾಯಿಯು ಅಳಿಸಿದ್ದ ಈ ಅಂಗಭಂಗವನ್ನು ಹಳೆಯ ಕಥೆಯಿಂದ ಮರಳಿ ತಂದಿದೆ. ಕುಂಟುತ್ತ ಕಡಲ ಮೇಲಣ ದಿಣ್ಣೆಗೆ ಹೋಗಿ ಮಕ್ಕಳ ಹೆಸರನ್ನು ಕೂಗುವ ಆ ತಾಯಿಯಾಗಿ ನಟಿಸಿದವಳು ತನಾಕ ಕಿನುಯೊ.

ಚರಿತ್ರೆಯ ಪ್ರಶ್ನೆಗಳು ಏಳುವುದು ಚಿತ್ರದ ಉತ್ತರಾರ್ಧದಲ್ಲಿ. ಸನ್‌ಶೋವಿನ ಜಮೀನು ಅವನದಲ್ಲ. ರಾಜಧಾನಿಯ ಬಲಮಂತ್ರಿಯ ಖಾಸಗಿ ಎಸ್ಟೇಟು. ಹೇಯಾನ್ ಯುಗದಲ್ಲಿ ಇಂತಹ ಎಸ್ಟೇಟುಗಳು ಹೆಚ್ಚುತ್ತ ಹೋಗಿ, ಅವುಗಳಲ್ಲಿ ಅನೇಕವು ಕಂದಾಯದಿಂದ ಮುಕ್ತವಾಗಿ, ಪ್ರಾಂತ್ಯಾಧಿಕಾರಿಗಳು ಒಳಗೆ ಕಾಲಿಡಕೂಡದೆಂಬ ಹಕ್ಕನ್ನೂ ಪಡೆದಿದ್ದುವು. ಹೊಸ ಅಧಿಪತಿಯು ಗುಲಾಮಗಿರಿಯನ್ನು ನಿಷೇಧಿಸುವ ಆಜ್ಞೆಯನ್ನು ಬರೆಯಿಸುವಾಗ, ಖಾಸಗಿ ಜಮೀನಿನ ಮೇಲೆ ತಮಗೆ ಅಧಿಕಾರವಿಲ್ಲವೆಂದು ಕೈಕೆಳಗಿನ ಅಧಿಕಾರಿಯು ಅಂಗಲಾಚಿ ಹೇಳುವನು. ಈ ಆಕ್ಷೇಪಣೆಯು ಇತಿಹಾಸಕ್ಕೆ ಸಮ್ಮತವಾದುದು. ಓಗಾಯಿಯು ಇದನ್ನು ಗಣನೆಗೆ ತರಲಿಲ್ಲ. ಆತನ ಕಥೆಯಲ್ಲಿ ಆಜ್ಞೆ ಹೊರಟಿತು, ಸನ್‌ಶೋ ಪಾಲಿಸಿದನು. ಜಪಾನಿನ ಚರಿತ್ರಕಾರರೂ ಈ ಕಥೆಯನ್ನು ಬಹಳ ಶೋಧಿಸಿರುವರು. ಓಗಾಯಿಯ ಕಥೆ ಬಂದ ವರ್ಷವೇ ಯನಗಿತ ಕುನಿಯೊ ಎಂಬ ಜಾನಪದ ವಿದ್ವಾಂಸನು ‘ಸನ್‌ಶೋ’ ಎಂಬ ಹೆಸರು ಕಥೆಗಾರರ ಒಂದು ವರ್ಗಕ್ಕೆ ಸಂಬಂಧಿಸಿದುದೆಂದು ಊಹಿಸಿದನು. ಚಿತ್ರವು ಬಂದ ೧೯೫೪ರಲ್ಲಿ ಹಯಶಿಯ ತತ್ಸುಸಬುರೋ ಎಂಬ ಚರಿತ್ರಕಾರನು ಮಧ್ಯಯುಗದ ‘ಸಂಜೋ’ ಎಂಬ ಅಧೀನಜನರ ನೆಲೆಗಳ ಮುಖ್ಯಸ್ಥನೇ ಈ ‘ಸನ್‌ಶೋ ದಯೂ’ ಎಂದು ಪ್ರತಿಪಾದಿಸಿದನು. ಈ ಮತವು ಒಪ್ಪಿತವಾದರೆ, ಕಥೆಯನ್ನು ಕಟ್ಟಿದವರೂ ಅದರ ಖಳನ ಕೈಕೆಳಗಿದ್ದವರೂ ಒಂದೇ ಬಗೆಯ ಜನರೆಂದಾಗುವುದು. ಗರಗಸದ ಪ್ರಸಂಗವು ಅರ್ಥವಾಗುವುದು.

ಮಸವುಜಿಯ ಬಾಯಲ್ಲಿ ಬರುವ ಸಮಾನತೆಯ ಮಾತು ೧೧ನೆಯ ಶತಮಾನದ ಜಪಾನೀ ಅಧಿಕಾರಿಗೆ ಹೊಂದುವುದಿಲ್ಲವೆಂಬ ಆಕ್ಷೇಪವುಂಟು. ಹೊಂದುವುದಿಲ್ಲವೆಂಬುದು ಸತ್ಯವೇ. ಮನುಷ್ಯರು ಇನ್ನೂ ಮನುಷ್ಯರಾಗಿ ಎಚ್ಚರಗೊಳ್ಳದಿದ್ದ ಕಾಲದ ಕಥೆಯಿದು ಎಂಬರ್ಥದ ಬರೆಹದಿಂದ ಚಿತ್ರವು ಆರಂಭವಾಗುವುದು. ಆ ಬರೆಹವನ್ನು ಓದುವ ಜನರು ಯುದ್ಧವನ್ನು ಕಂಡು, ಸೋತು, ೧೯೪೭ರಲ್ಲಿ ಹೊಸ ರಾಜ್ಯಾಂಗವನ್ನು ಪಡೆದವರು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಅದರ ೧೪ನೆಯ ವಿಧಿಯೂ, ಯಾರನ್ನೂ ದಾಸ್ಯದಲ್ಲಿ ಇರಿಸಕೂಡದೆಂದು ೧೮ನೆಯ ವಿಧಿಯೂ ಸಾರುವುವು. ಆ ವಿಧಿಗಳು ಬಂದ ಮೇಲೆಯೂ ಹೆಣ್ಣುಮಕ್ಕಳನ್ನು ಸಾಲಕ್ಕಾಗಿ ವೇಶ್ಯಾಗೃಹಗಳಿಗೆ ಒಪ್ಪಿಸುವುದು ನಿಂತಿರಲಿಲ್ಲ. ವೇಶ್ಯಾವೃತ್ತಿಯನ್ನು ತಡೆಯುವ ಕಾನೂನು ೧೯೫೬ರಲ್ಲಿ ಬಂದಿತು, ಮಿಜೊಗುಚಿಯ ಕೊನೆಯ ಚಿತ್ರವು ಆ ವಿಷಯವನ್ನೇ ಕುರಿತುದಾಗಿ ಅದೇ ವರ್ಷ ಹೊರಬಂದಿತು. ಆತನ ಬಾಲ್ಯದಲ್ಲಿ ಕುಟುಂಬವು ಬಡತನಕ್ಕೆ ಇಳಿದಾಗ ಅಕ್ಕನನ್ನು ಪರರಿಗೆ ಕೊಟ್ಟು, ಅವಳು ಗೈಶಾ ಆಗಿ, ಅವಳ ಸಂಪಾದನೆಯಿಂದ ತಮ್ಮನಿಗೆ ಆಶ್ರಯ ದೊರೆತುದು ಆತನ ಚರಿತ್ರಕಾರರೆಲ್ಲರೂ ಹೇಳುವ ಸಂಗತಿ. ಆದುದರಿಂದ ಸಾದೋ ದ್ವೀಪದ ಪ್ರಸಂಗವು ಆತನಿಗೆ ಒಂಬೈನೂರು ವರ್ಷಗಳ ಹಿಂದಿನದಾಗಿರಲಿಲ್ಲ. ಕಾಲವಿರೋಧವು ಇಲ್ಲಿ ಅಜ್ಞಾನದಿಂದ ಬಂದ ದೋಷವಲ್ಲ.

ನಾರದಸ್ಮೃತಿಯಲ್ಲಿ ದಾಸನನ್ನು ಬಿಡುಗಡೆ ಮಾಡುವ ವಿಧಿಯೊಂದು ಹೇಳಿದೆ: ಒಡೆಯನು ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆದು, ಅಕ್ಷತೆ ಹೂಗಳನ್ನು ಕೂಡಿದ ನೀರನ್ನು ಅವನ ತಲೆಗೆ ತಳಿದು, ನೀನು ಅದಾಸನೆಂದು ಮೂರು ಸಲ ನುಡಿಯಬೇಕು. ಅಲ್ಲಿ ಒಡೆಯನ ಮಾತೇ ಬಿಡುಗಡೆ. ಓಗಾಯಿಯ ಕಥೆಯಲ್ಲಿಯೂ ಹೆಚ್ಚುಕಡಮೆ ಹಾಗೆಯೇ. ಒಡೆಯನು ಬಿಟ್ಟನು, ಗುಲಾಮರು ಬಿಡುಗಡೆಯಾದರು, ಮರುದಿನ ಕೂಲಿಗೆ ಬಂದರು. ಚಿತ್ರದಲ್ಲಿ ಒಡೆಯನು ಆಜ್ಞೆಯ ಹಲಗೆಗಳನ್ನು ಕೀಳಿಸುವನು. ಜುಶಿಯೋ ಕಾವಲಿನವರೊಡನೆ ನುಗ್ಗಿ ಅವನನ್ನು ಸೆರೆಹಿಡಿದು, ಗುಲಾಮರನ್ನು ಬಿಡಿಸುವನು. ಆ ರಾತ್ರಿ ಬಿಡುಗಡೆಯಾದವರು ಒಡೆಯನ ಮನೆಯಲ್ಲಿ ಕುಡಿದು ಕುಣಿದು ಮನೆಗೆ ಬೆಂಕಿಯಿಡುವರು. ಈ ಬೆಂಕಿಯನ್ನು ಚಿತ್ರವು ಹೊಗಳುವುದೂ ಇಲ್ಲ, ಖಂಡಿಸುವುದೂ ಇಲ್ಲ; ಹಳೆಯ ಕಥೆಯ ಗರಗಸವು ಇಲ್ಲಿ ಬೆಂಕಿಯಾಗಿದೆ, ಆದರೆ ಅದು ನಾಯಕನ ಕೈಯಲ್ಲಿಲ್ಲ. ನಾಯಕನು ಮನೆಯ ಒಳಹೊಕ್ಕದ್ದು ಅಂಜುವನ್ನು ಹುಡುಕಿಕೊಂಡು. ಅವನಿಗೆ ದೊರೆತುದು ಅವಳ ಮರಣದ ವಾರ್ತೆ. ಅಧಿಕಾರವನ್ನು ಮೀರಿ ನಡೆದೆನೆಂಬುದನ್ನು ಬಲ್ಲವನಾದುದರಿಂದ ಅವನು ರಾಜೀನಾಮೆಯನ್ನು ಬರೆದು ಕೊಡುವನು. ಮುಂದೆ ಬರುವ ಅಧಿಪತಿಯು ಈ ಆಜ್ಞೆಯನ್ನು ಉಳಿಸುವನೇ, ಬಲಮಂತ್ರಿಯು ಸುಮ್ಮನಿರುವನೇ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.

ಇಲ್ಲಿ ಒಂದು ದೋಷವನ್ನೂ ಹೇಳಬೇಕು. ಸೆರೆಮನೆಯಲ್ಲಿದ್ದವನು ಮೂರ್ತಿಯೊಂದರ ಬಲದಿಂದ ಅಧಿಪತಿಯಾಗುವುದೂ, ಬೇಕಾದ ಪ್ರಾಂತ್ಯವೇ ಅವನಿಗೆ ದೊರೆಯುವುದೂ ತೀರ ಶೀಘ್ರವಾಗಿ ನಡೆದುಹೋಗುವುವು. ಹಳೆಯ ಕಥೆಯಲ್ಲಿ ಇದು ದೇವರ ಅನುಗ್ರಹವೆಂದು ಸಲ್ಲುತ್ತಿತ್ತು. ಅನುಗ್ರಹವನ್ನು ಕೈಬಿಟ್ಟ ಚಿತ್ರವು ಅದರ ಫಲವನ್ನು ಮಾತ್ರ ಉಳಿಸಿಕೊಂಡಿರುವುದರಿಂದ ಈ ಭಾಗವು ಬಡವಾಗಿದೆ. ಜುಶಿಯೋವಿನ ಪಾತ್ರವನ್ನು ವಹಿಸಿದ ಹನಯಾಗಿ ಯೊಶಿಯಾಕಿಯ ಅಭಿನಯವೂ ಅಧಿಕಾರದ ದೃಶ್ಯಗಳಲ್ಲಿ ಅಷ್ಟಾಗಿ ನಾಟುವುದಿಲ್ಲ. ಗುಲಾಮನಾಗಿದ್ದಾಗಿನ ಆ ಮಂಕು ಮುಖವೇ ಹೆಚ್ಚು ನೆನಪಿನಲ್ಲಿ ನಿಲ್ಲುವುದು.

ಇನ್ನುಳಿದಿರುವುದು ಸಾದೋವಿನ ದೃಶ್ಯ. ಪದವಿಯ ಉಡುಪಿಲ್ಲದೆ, ಒಬ್ಬನೇ ಬಂದ ಜುಶಿಯೋವಿಗೆ, ಆ ಊರನ್ನು ಕಡಲು ನುಗ್ಗಿ ಹಾಳುಮಾಡಿತೆಂದು ತಿಳಿಯುವುದು. ಮುರುಕು ಗುಡಿಸಲಿನ ಮುಂದೆ ಕುರುಡಿಯೊಬ್ಬಳು ಎರಡು ಹೆಸರುಗಳನ್ನು ಹಾಡುತ್ತ ಕುಳಿತಿರುವಳು. ನಾನು ನಿನ್ನ ಮಗನೆಂದು ಹೇಳಿದರೆ ಅವಳು ನಂಬಳು. ಹಾಗೆಂದು ಹೇಳಿ ಪರಿಹಾಸ ಮಾಡಿದವರು ಹಲವರಿದ್ದಿರಬೇಕು. ಮೂರ್ತಿಯನ್ನು ಕೈಯಲ್ಲಿ ಇಟ್ಟಾಗ ಬೆರಳುಗಳು ಅದನ್ನು ಗುರುತಿಸುವುವು. ಆಮೇಲೆ ಮಗನ ಮುಖವನ್ನು ಗುರುತಿಸುವುವು. ಹಳೆಯ ಕಥೆಯನ್ನು ಬಲ್ಲ ಪ್ರೇಕ್ಷಕನು ಈಗ ಕಣ್ಣು ತೆರೆಯುವುದೆಂದು ಕಾದಿರುವನು. ಜಪಾನಿನಲ್ಲಿ ಮಕ್ಕಳಿಗೂ ತಿಳಿದ ಕಥೆ ಇದು. ಕಣ್ಣು ತೆರೆಯುವುದಿಲ್ಲ. ತಾಯಿಯು ಕೇಳುವ ಪ್ರಶ್ನೆ ಅಂಜುವೆಲ್ಲಿ ಎಂಬುದು. ಅದಕ್ಕೂ ಸಮಾಧಾನಕರವಾದ ಉತ್ತರವಿಲ್ಲ. ತಂದೆಯೂ ಇಲ್ಲವೆಂದು ಮಗನು ಹೇಳುವನು. ಅಧಿಪತಿಯಾಗಿಯೇ ಬರಬಹುದಿತ್ತು, ತಂದೆಯ ಮಾತನ್ನು ನಡೆಸಬೇಕಾದುದರಿಂದ ಹೀಗೆ ಬಂದೆನೆಂದು ಕ್ಷಮೆಯನ್ನು ಬೇಡುವನು. ನೀನು ಏನು ಮಾಡಿದೆಯೋ ನಾನರಿಯೆ, ಆದರೆ ತಂದೆಯ ಮಾತನ್ನು ಪಾಲಿಸಿದುದರಿಂದಲೇ ನಾವು ಈಗ ಕೂಡಿದೆವು ಎಂಬ ಅಭಿಪ್ರಾಯದ ಮಾತನ್ನು ತಾಯಿಯು ಆಡುವಳು.

ಈ ಮಾತನ್ನು ಚಿತ್ರದ ಸಿದ್ಧಾಂತವೆಂದು ಕೆಲವರು ತೆಗೆದುಕೊಳ್ಳುವರು. ಧರ್ಮವು ಕೊನೆಗೆ ಫಲಿಸಿತೆಂದು ತೃಪ್ತರಾಗುವರು. ಆದರೆ ಮುದುಕನ ಹಣೆಯ ಬರೆಯನ್ನು ತಾಯಿಯು ಕಂಡವಳಲ್ಲ, ಮಗನು ಅದನ್ನು ಹೇಳುವುದೂ ಇಲ್ಲ. ತಂದೆಯ ಮಾತ ಮೇಲೆ ಹತ್ತು ವರ್ಷ ಕಾಲಿಟ್ಟು ನಡೆದವನು ಅವನು. ಪ್ರೇಕ್ಷಕನಿಗೆ ಗೊತ್ತು, ಜುಶಿಯೋವಿಗೆ ಗೊತ್ತು, ತಿಳಿಯದವಳು ಹರಸುತ್ತಿರುವಳು. ಕರುಣರಸಕ್ಕೆ ಇಷ್ಟಜನನಾಶವು ವಿಭಾವವೆಂದು ಶಾಸ್ತ್ರವು ಹೇಳುವುದು. ಇಲ್ಲಿ ಶೋಕಕ್ಕೆ ಅದಕ್ಕಿಂತ ಬೇರೆಯಾದ ಒಂದು ಕಾರಣವೂ ಕೂಡಿಕೊಂಡಿದೆ: ಕ್ಷಮೆಯನ್ನು ಬೇಡಿದವನು ಯಾವುದಕ್ಕಾಗಿ ಬೇಡಿದನೆಂಬುದು ಕ್ಷಮಿಸಿದವಳಿಗೆ ತಿಳಿದಿಲ್ಲ. ಭವಭೂತಿಯು ರಾಮನನ್ನು ಸೀತೆಯೊಡನೆ ಕೂಡಿಸುವುದಕ್ಕೆ ಮೊದಲು ಅವನ ಅಪರಾಧವನ್ನು ಅವನ ಬಾಯಿಂದಲೇ ಸೀತೆಯ ಕಿವಿಗೆ ಬೀಳುವಂತೆ ಮಾಡಿದನು. ಮಿಜೊಗುಚಿಯು ಆ ಸೌಕರ್ಯವನ್ನು ತನ್ನ ನಾಯಕನಿಗೆ ಕೊಡಲಿಲ್ಲ.

ತಾಯಿಮಕ್ಕಳು ಅಪ್ಪಿಕೊಂಡಿರುವಾಗ ಕ್ಯಾಮೆರಾ ಅವರನ್ನು ಬಿಟ್ಟು ಮೇಲೇರಿ, ದಂಡೆಯ ಕಡೆಗೆ ತಿರುಗಿ, ಕಡಲನ್ನು ತೋರಿಸುವುದು. ದಂಡೆಯ ಮೇಲೆ ಒಬ್ಬ ಮನುಷ್ಯನು ಕಡಲ ಸೊಪ್ಪನ್ನು ಹರಡಿ ಒಣಗಿಸುತ್ತಿರುವನು. ಗುಡಿಸಲಿನ ಕಡೆಗೆ ಅವನು ನೋಡುವುದಿಲ್ಲ. ಅವನು ಒಡೆಯನ ಆಳೋ, ತನ್ನ ಹೊಟ್ಟೆಗಾಗಿ ದುಡಿಯುವವನೋ ಎಂಬುದು ಆ ದೂರದಿಂದ ಗೊತ್ತಾಗದು.